ಏಳು ತಿಂಗಳು ನಿಂತ ಕಾರು: ಚಾವಿ ತಿರುಗಿಸೋದು ಎಲ್ಲಕ್ಕಿಂತ ಕೊನೆಗೆ

ನಮ್ಮ ಮನೆಯಲ್ಲಿ ಒಂದು ರೂಢಿ ಇದೆ. ಹೋಳಿ ಮುಗಿದು, ಶರಣಬಸವೇಶ್ವರರ ತೇರು ಎಳೆದಾಯ್ತು ಅಂದರೆ ಒಂದು ವಾರದೊಳಗೆ ಗಂಟುಮೂಟೆ ಕಟ್ಟಿ ಬೆಂಗಳೂರಿಗೆ ಮಗಳ ಮನೆಗೆ ಹೊರಡುತ್ತೇವೆ. ನಿವೃತ್ತಿ ಆದ ಮೇಲೆ ಕಲಬುರಗಿಯ ಬಿಸಿಲಿನ ಜೊತೆ ಜಿದ್ದಿಗೆ ಬೀಳುವ ಹುಮ್ಮಸ್ಸು ನನಗೆ ಉಳಿದಿಲ್ಲ. ಏಪ್ರಿಲ್, ಮೇ ಬಂತು ಅಂದರೆ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ಬಾಗಿಲು ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುವ ಊರು ನಮ್ಮದು. ಬಿಸಿಲು ಇಳಿಯಿತು, ಹೋಗೋಣ ಅಂದರೆ ಮೊಮ್ಮಗ ಬಿಡುವುದಿಲ್ಲ. ಹಾಗಾಗಿ ವಾಪಸ್ ಬರುವುದು ದಸರಾ ಹೊತ್ತಿಗೆ. ಅಷ್ಟೂ ದಿನ ಕಾರು ಮನೆ ಮುಂದಿನ ತಗಡಿನ ಶೆಡ್ಡಿನಲ್ಲಿ ಒಂಟಿ.

ನಿಂತ ಕಾರನ್ನು ಮತ್ತೆ ಓಡಿಸುವುದು ಹೇಗೆ ಅಂತ ಮೊಬೈಲಿನಲ್ಲಿ ಹುಡುಕಿ ನೋಡಿ, ಬರುವುದೆಲ್ಲ ಹಿಮ ಬೀಳುವ ದೇಶದವರ ಮಾತು. ಚಳಿಗಾಲಕ್ಕೆ ಕಾರು ಒಳಗಿಟ್ಟು ವಸಂತಕ್ಕೆ ಹೊರತೆಗೆಯುತ್ತಾರೆ. ಹೆಪ್ಪುಗಟ್ಟಿದ ನೀರು, ರಸ್ತೆಗೆ ಚೆಲ್ಲಿದ ಉಪ್ಪು, ಅದರ ತುಕ್ಕು, ಇದೇ ಅವರ ಚಿಂತೆ. ನಮ್ಮ ಕಾರು ಮಲಗುವುದು ಬೇಸಿಗೆಯಲ್ಲಿ, ಏಳುವುದು ಮಳೆ ನಿಂತ ಮೇಲೆ. ನಮಗೆ ಕಾಟ ಕೊಡುವುದು ಬಿಸಿಲು, ದೂಳು, ಎರೆಮಣ್ಣಿನ ತೇವ, ಎಲ್ಲಕ್ಕಿಂತ ಜಾಸ್ತಿ ಇಲಿ. ಬ್ಯಾಟರಿ, ಟೈರು, ಬ್ರೇಕು, ಪೆಟ್ರೋಲು ಮಾತ್ರ ಎಲ್ಲಿದ್ದರೂ ಹಾಳಾಗುತ್ತವೆ.

ಎರಡು ವರ್ಷದ ಹಿಂದೆ ನಾನು ಮಾಡಿಕೊಂಡ ಎಡವಟ್ಟು ಮೊದಲು ಹೇಳುತ್ತೇನೆ. ರಾತ್ರಿ ರೈಲಿಗೆ ಬಂದು ಇಳಿದೆವು. ಅವತ್ತೇ ಖಂಡೆ ಪೂಜೆ, ಅಂದರೆ ಆಯುಧ ಪೂಜೆ. ಪಕ್ಕದ ಮನೆಯವರ ಗಾಡಿಗಳಿಗೆಲ್ಲ ಆಗಲೇ ಚೆಂಡು ಹೂವು ಬಿದ್ದಿತ್ತು. ನಾನೂ ಗಡಿಬಿಡಿಯಲ್ಲಿ ಕಾರಿಗೆ ನಾಲ್ಕು ಬಕೆಟ್ ನೀರು ಸುರಿದು, ಒರೆಸಿ, ವಿಭೂತಿ ಕುಂಕುಮ ಹಚ್ಚಿ, ನಾಲ್ಕೂ ಗಾಲಿಗೆ ನಿಂಬೆಹಣ್ಣು ಇಟ್ಟು, ಪಕ್ಕದವರ ಗಾಡಿಯಿಂದ ಬ್ಯಾಟರಿಗೆ ವೈರ್ ಕೊಟ್ಟು ಚಾವಿ ತಿರುಗಿಸಿದೆ. ಚಾಲೂ ಆಯ್ತು! ಎದೆ ಉಬ್ಬಿತು. ಬ್ಲೋವರ್ ಹಾಕಿದೆ ನೋಡಿ, ಡ್ಯಾಶ್‌ಬೋರ್ಡಿನ ಕಿಂಡಿಯಿಂದ ತೊಗರಿ ಹೊಟ್ಟು ಭರ್ರನೆ ಮುಖಕ್ಕೆ ಹಾರಿತು. ಹಿಂದೆಯೇ ಸುಟ್ಟ ವಾಸನೆ. ಎಂಜಿನ್ ಒಂದು ಕಾಲು ಕುಂಟಿದ ಹಾಗೆ ಗಡಗಡ ಅನ್ನತೊಡಗಿತು. ಆಫ್ ಮಾಡಿ ಬಾನೆಟ್ ಎತ್ತಿದರೆ ಎಂಜಿನ್ ಮೇಲೆ ಒಂದು ಸಂಸಾರವೇ ಇತ್ತು. ಬಾನೆಟ್ ಒಳಗಿನ ಹೊದಿಕೆಯ ಹತ್ತಿ ಕಿತ್ತು, ಶೆಡ್ಡಿನಲ್ಲಿ ಇಟ್ಟಿದ್ದ ಚೀಲದ ಹೊಟ್ಟು ತಂದು, ಮೊಮ್ಮಗನ ಒಂದು ಕಾಲುಚೀಲವನ್ನೂ ಸೇರಿಸಿ ಇಲಿ ಗೂಡು ಕಟ್ಟಿತ್ತು. ಅದರ ಒಂದು ಅಂಚು ಬಿಸಿ ಎಗ್ಸಾಸ್ಟಿಗೆ ತಾಗಿ ಕಪ್ಪಾಗಿತ್ತು. ಎಂಜಿನ್ನಿಗೆ ಪೆಟ್ರೋಲ್ ಚಿಮುಕಿಸುವ ಇಂಜೆಕ್ಟರಿಗೆ ಹೋಗುವ ಹಸಿರು ವೈರು ಒಂದು ಬೆರಳಿನಷ್ಟು ಉದ್ದ ಬೋಳಾಗಿ, ತಾಮ್ರ ಹೊಳೆಯುತ್ತಿತ್ತು.

ಮೆಕ್ಯಾನಿಕ್ ಬಂದು ನೋಡಿ ಒಂದೇ ಮಾತು ಅಂದ: "ಸಾಹೇಬ್ರ, ಗಾಡಿ ಚಾಲೂ ಮಾಡೋಕಿಂತ ಮೊದ್ಲ ಒಂದು ಸಲ ಬಾನೆಟ್ ಎತ್ತಿ ನೋಡಬೇಕಿಲ್ರಿ?" ವೈರು ಒಂದೇ ಆಗಿದ್ದರೆ ಇನ್ಸುಲೇಷನ್ ಟೇಪಿನಲ್ಲಿ ಮುಗಿಯುತ್ತಿತ್ತು. ಬೋಳು ವೈರಿಗೆ ಕರೆಂಟ್ ಕೊಟ್ಟಿದ್ದಕ್ಕೆ, ಹೊಟ್ಟು ತುಂಬಿದ ಬ್ಲೋವರ್ ತಿರುಗಿಸಿದ್ದಕ್ಕೆ ಹತ್ತು ಸಾವಿರದ ಮೇಲೆ ಹೋಯಿತು. ಏಳು ತಿಂಗಳಲ್ಲಿ ಇಲಿ ಮಾಡಿದ ನಷ್ಟಕ್ಕಿಂತ ಎರಡು ನಿಮಿಷದಲ್ಲಿ ನಾನು ಮಾಡಿದ್ದು ದೊಡ್ಡದು. ಅವತ್ತಿನಿಂದ ನನ್ನ ಲೆಕ್ಕ ಇಷ್ಟೇ: ಕಾರಿಗೆ ಎರಡು ಪೂರ್ತಿ ದಿನ ಕೊಡಬೇಕು, ಚಾವಿ ತಿರುಗಿಸುವುದು ಎರಡನೇ ದಿನ.

ಮೊದಲ ದಿನ ಬೆಳಿಗ್ಗೆ ಎದ್ದ ಕೂಡಲೇ ಒಂದು ಟಾರ್ಚ್, ಹಳೇ ಬಟ್ಟೆ, ಕೈಗವಸು, ಮಾಸ್ಕ್ ಇಟ್ಟುಕೊಳ್ಳಿ. ತೊಳೆಯಲು ಹೋಗಬೇಡಿ, ಅದು ಆಮೇಲೆ. ಬಾನೆಟ್ ಮೇಲೆ ಎರಡು ಸಲ ಕೈಯಿಂದ ಬಡಿದು ಸ್ವಲ್ಪ ದೂರ ನಿಲ್ಲಿ. ತಮಾಷೆಗೆ ಹೇಳುತ್ತಿಲ್ಲ. ಇಲಿ ಇದ್ದ ಕಡೆ ಹಾವು ಬರುತ್ತದೆ, ಅದರಲ್ಲೂ ನಮ್ಮ ಹೊಸ ಬಡಾವಣೆಗಳು ಹೊಲದ ಪಕ್ಕದಲ್ಲೇ ಇವೆ. ಗಾಡಿ ಕೆಳಗೆ, ನಾಲ್ಕೂ ಗಾಲಿಯ ಮೇಲಿನ ಪೊಳ್ಳಿನಲ್ಲಿ ಟಾರ್ಚ್ ಬಿಟ್ಟು ನೋಡಿ. ಆಮೇಲೆ ಬಾನೆಟ್ ಎತ್ತಿ.

ಇಲಿ ಹುಡುಕುವುದಕ್ಕೆ ಕಣ್ಣಿಗಿಂತ ಮೂಗು ಚುರುಕು. ಉಚ್ಚೆ ವಾಸನೆ, ಕರಿ ಜೀರಿಗೆಯ ಹಾಗಿರುವ ಹಿಕ್ಕೆ, ಎಲ್ಲಿ ಕಂಡರೂ ಅದರ ಜಾಡು ಹಿಡಿಯಿರಿ. ಅವು ಇಷ್ಟಪಡುವ ಜಾಗ ಮೂರು. ಒಂದು, ಬ್ಯಾಟರಿ ಸುತ್ತಲಿನ ಸಂದು. ಎರಡು, ಏರ್ ಫಿಲ್ಟರ್ ಡಬ್ಬಿ. ಅದರ ಕ್ಲಿಪ್ ಬಿಚ್ಚಿ ಒಳಗೆ ನೋಡಲೇಬೇಕು, ಹೊರಗಿನಿಂದ ಗೊತ್ತೇ ಆಗುವುದಿಲ್ಲ. ಮೂರು, ಡ್ಯಾಶ್‌ಬೋರ್ಡಿನ ಎಡಗಡೆ ಡ್ರಾಯರ್ ಹಿಂದೆ ಇರುವ ಎಸಿ ಫಿಲ್ಟರ್. ನನ್ನ ಹೊಟ್ಟಿನ ಕಥೆ ನಡೆದದ್ದು ಅಲ್ಲೇ. ಗೂಡು ಸಿಕ್ಕರೆ ಒಣ ಪೊರಕೆ ಆಡಿಸಬೇಡಿ, ದೂಳಾಗಿ ಉಸಿರಿಗೆ ಬರುತ್ತದೆ. ಇಲಿ ಜ್ವರ ಅನ್ನುವ ಹೆಸರು ಸುಮ್ನೆ ಬಂದಿಲ್ಲ, ಅದು ಹರಡುವುದು ಇಲಿ ಉಚ್ಚೆಯಿಂದ. ಮೊದಲು ಡೆಟಾಲ್ ಬೆರೆಸಿದ ನೀರು ಚಿಮುಕಿಸಿ, ಒದ್ದೆ ಮಾಡಿ, ಕೈಗವಸು ಹಾಕಿಕೊಂಡು ಎತ್ತಿ ಚೀಲಕ್ಕೆ ಹಾಕಿ. ಎರಡೂ ಫಿಲ್ಟರ್ ಹೊಸದು ಹಾಕಿ, ಬಡಿದು ಕೊಡವಿ ಮತ್ತೆ ಹಾಕುವ ಜಿಪುಣತನ ಬೇಡ.

ಆಮೇಲೆ ವೈರು. ಕಣ್ಣಿಗೆ ಕಾಣುವ ಪ್ರತಿ ವೈರಿನ ಮೇಲೂ ಬೆರಳು ಆಡಿಸಿಕೊಂಡು ಹೋಗಿ. ಕಡಿದ ಕಡೆ ಬೆರಳಿಗೆ ಚುರುಕ್ ಅಂತ ಸಿಗುತ್ತದೆ. ನೀರಿನ ಪೈಪು, ಪೆಟ್ರೋಲ್ ಪೈಪು ಕೂಡ ನೋಡಿ. ಇಲಿಗೆ ರಬ್ಬರೂ ರುಚಿ. ಕಾರಿನ ಒಳಗೆ ಸೀಟ್ ಬೆಲ್ಟನ್ನು ಪೂರ್ತಿ ಹೊರಗೆ ಎಳೆದು ನೋಡಿ. ಅರ್ಧ ಕಡಿದ ಬೆಲ್ಟು ಸುತ್ತಿಕೊಂಡು ಒಳಗೆ ಕೂತಿದ್ದರೆ ನಿಮಗೆ ಗೊತ್ತಾಗುವುದು ಬೇಡದ ದಿನ. ಹಿಂದೆ ಸೈಲೆನ್ಸರ್ ಬಾಯಿಗೂ ಒಂದು ಸಲ ಟಾರ್ಚ್ ಬಿಡಿ. ಕಣಜ ಅಲ್ಲಿ ಮಣ್ಣಿನ ಗೂಡು ಕಟ್ಟುತ್ತದೆ.

ಇನ್ನೊಂದು ಮಾತು, ಇದು ನದಿ ಹಳ್ಳದ ಪಕ್ಕದವರಿಗೆ. 2020ರ ಅಕ್ಟೋಬರಿನಲ್ಲಿ ಭೀಮಾ ಉಕ್ಕಿದ್ದು ನೆನಪಿದೆಯಲ್ವಾ? ನೀವು ಇಲ್ಲದಾಗ ನಿಮ್ಮ ಅಂಗಳಕ್ಕೆ ನೀರು ಬಂದು ಹೋಗಿದ್ದರೆ ಗೋಡೆ ಮೇಲೆ, ಬಾಗಿಲ ಮೇಲೆ ಮಣ್ಣಿನ ಗೆರೆ ಇರುತ್ತದೆ. ಗೆರೆ ಗಾಲಿಯ ನಡುವಿನ ತನಕ ಬಂದಿದ್ದರೆ ಚಾವಿಯನ್ನು ಜೇಬಿನಲ್ಲೇ ಇಟ್ಟುಕೊಂಡು ಗಾಡಿ ಎಳೆಸಿಕೊಂಡು ಗ್ಯಾರೇಜಿಗೆ ಹೋಗಿ. ಸಿಲಿಂಡರಿನಲ್ಲಿ ನೀರು ಇದ್ದಾಗ ಸೆಲ್ಫ್ ಹೊಡೆದರೆ ನೀರು ಒತ್ತಿದರೂ ಕುಗ್ಗುವುದಿಲ್ಲ, ಒಳಗಿನ ಕನೆಕ್ಟಿಂಗ್ ರಾಡು ಬಾಗುತ್ತದೆ. ಅಲ್ಲಿಗೆ ಎಂಜಿನ್ ಮುಗಿಯಿತು.

ಈಗ ಬ್ಯಾಟರಿ. ಏಳು ತಿಂಗಳು ಟರ್ಮಿನಲ್ ಕಳಚದೆ ಬಿಟ್ಟಿದ್ದರೆ ಅದು ಇಳಿದೇ ಇರುತ್ತದೆ, ಅನುಮಾನ ಬೇಡ. ಲೆಕ್ಕ ಸಣ್ಣದು. ಗಾಡಿ ಆಫ್ ಇದ್ದರೂ ಗಡಿಯಾರ, ಅಲಾರಂ, ಕಂಪ್ಯೂಟರ್ ಎಲ್ಲ ಸೇರಿ ಚೂರು ಚೂರು ಕರೆಂಟ್ ಕುಡಿಯುತ್ತವೆ. 50 ಮಿಲಿಆಂಪ್ ಅಂತ ಹಿಡಿಯಿರಿ, ದಿನಕ್ಕೆ 1.2 ಆಂಪಿಯರ್-ಅವರ್ ಆಯಿತು. ಸಣ್ಣ ಕಾರಿನ ಬ್ಯಾಟರಿ 35 ಆಂಪಿಯರ್-ಅವರ್. ಒಂದು ತಿಂಗಳಿಗೆ ಖಾಲಿ. ಮೇಲೆ ನಮ್ಮ ಬಿಸಿಲು. ಬಿಸಿ ಹೆಚ್ಚಾದಷ್ಟೂ ಬ್ಯಾಟರಿ ತನ್ನಷ್ಟಕ್ಕೆ ತಾನೇ ಇಳಿಯುವ ವೇಗ ಹೆಚ್ಚಾಗುತ್ತದೆ. ಇಳಿದ ಬ್ಯಾಟರಿ ಹಾಗೇ ತಿಂಗಳುಗಟ್ಟಲೆ ಕೂತರೆ ಒಳಗಿನ ಸೀಸದ ತಟ್ಟೆಗಳ ಮೇಲೆ ಬಿಳಿ ಸಲ್ಫೇಟ್ ಗಟ್ಟಿಯಾಗಿ ಕೂಡುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಹಿಡಿಯುವುದಿಲ್ಲ. ರಿಮೋಟ್ ಒತ್ತಿದರೆ ಬಾಗಿಲೇ ತೆಗೆಯಲಿಲ್ಲವೇ? ಗಾಬರಿ ಬೇಡ, ರಿಮೋಟಿನೊಳಗೇ ಒಂದು ಕಬ್ಬಿಣದ ಚಾವಿ ಇರುತ್ತದೆ, ಡ್ರೈವರ್ ಬಾಗಿಲಿಗೆ ಹಾಕಿ ತಿರುಗಿಸಿ.

ಒಂದು ಮಲ್ಟಿಮೀಟರ್ ತಗೊಳ್ಳಿ, ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಾದಾ ಮೀಟರ್ ಅಗ್ಗಕ್ಕೇ ಸಿಗುತ್ತದೆ. 12.6 ವೋಲ್ಟ್ ತೋರಿಸಿದರೆ ತುಂಬಿದೆ. 12.4 ಅಂದರೆ ಮುಕ್ಕಾಲು. 12ರ ಆಸುಪಾಸು ಅಂದರೆ ಕಾಲು ಭಾಗ ಉಳಿದಿದೆ. 11.8ಕ್ಕಿಂತ ಕೆಳಗೆ ಇದ್ದರೆ ಖಾಲಿ. ಖಾಲಿ ಬ್ಯಾಟರಿಗೆ ಪಕ್ಕದವರ ಗಾಡಿಯಿಂದ ವೈರ್ ಕೊಟ್ಟು ಎಬ್ಬಿಸುವುದಕ್ಕಿಂತ, ಬಿಚ್ಚಿಕೊಂಡು ಹೋಗಿ ಅಂಗಡಿಯಲ್ಲಿ ಒಂದು ರಾತ್ರಿ ನಿಧಾನ ಚಾರ್ಜಿಗೆ ಹಾಕಿಸುವುದು ಒಳ್ಳೆಯದು. 35ರ ಬ್ಯಾಟರಿಗೆ ಮೂರೂವರೆ ಆಂಪಿಯರ್, ಹತ್ತು ಹನ್ನೆರಡು ಗಂಟೆ. ಎರಡು ಗಂಟೆಯಲ್ಲಿ ತುಂಬಿಸಿ ಕೊಡುತ್ತೇನೆ ಅನ್ನುವವರ ಹತ್ತಿರ ಹೋಗಬೇಡಿ. ಬಿಚ್ಚುವಾಗ ಮೊದಲು ಮೈನಸ್, ಹಾಕುವಾಗ ಮೈನಸ್ ಕೊನೆಗೆ. ಟರ್ಮಿನಲ್ ಮೇಲೆ ಬಿಳಿ-ನೀಲಿ ಹೂವಿನ ಹಾಗೆ ಬೆಳೆದಿದ್ದರೆ, ವೈರು ಕಳಚಿದ ಮೇಲೆ, ಅಡುಗೆ ಸೋಡಾ ಬೆರೆಸಿದ ಬಿಸಿನೀರು ಹನಿಸಿ. ಚುಂಯ್ ಅಂತ ನೊರೆ ಬಂದು ಕರಗುತ್ತದೆ. ಒರೆಸಿ, ಒಣಗಿಸಿ, ತೆಳ್ಳಗೆ ವ್ಯಾಸಲೀನ್ ಹಚ್ಚಿ.

ವೈರ್ ಕೊಟ್ಟೇ ಎಬ್ಬಿಸಬೇಕು ಅಂದರೆ ಕ್ರಮ ತಪ್ಪಿಸಬೇಡಿ. ಕೆಂಪು ನಿಮ್ಮ ಬ್ಯಾಟರಿಯ ಪ್ಲಸ್‌ಗೆ, ಕೆಂಪಿನ ಇನ್ನೊಂದು ತುದಿ ಅವರ ಪ್ಲಸ್‌ಗೆ, ಕಪ್ಪು ಅವರ ಮೈನಸ್‌ಗೆ, ಕಪ್ಪಿನ ಕೊನೇ ತುದಿ ನಿಮ್ಮ ಎಂಜಿನ್ನಿನ ಬಣ್ಣ ಇಲ್ಲದ ಕಬ್ಬಿಣಕ್ಕೆ, ಬ್ಯಾಟರಿಯಿಂದ ದೂರ. ಆ ಕೊನೇ ತುದಿಯಲ್ಲೇ ಕಿಡಿ ಹಾರುವುದು, ಬ್ಯಾಟರಿಯಿಂದ ಹೊರಡುವ ಗ್ಯಾಸು ಹತ್ತಿಕೊಳ್ಳುತ್ತದೆ. ಹತ್ತಿರ ನಿಂತು ಬೀಡಿ ಎಳೆಯುವ ಸಲಹೆಗಾರರನ್ನೂ ದೂರ ಕಳಿಸಿ. ಇಂಥ ಕೆಲಸಕ್ಕೆ ನಿಂತರೆ ಓಣಿಯಲ್ಲಿ ಕನಿಷ್ಠ ಇಬ್ಬರು ಬಂದೇ ಬರುತ್ತಾರೆ.

ಬ್ಯಾಟರಿ ಚಾರ್ಜಿಗೆ ಹೋಗಿದೆ ಅಂದುಕೊಳ್ಳಿ, ನಿಮಗೆ ಇಡೀ ಮಧ್ಯಾಹ್ನ ಸಿಕ್ಕಿತು. ಹ್ಯಾಂಡ್‌ಬ್ರೇಕ್ ಬಿಟ್ಟು, ನ್ಯೂಟ್ರಲ್ ಮಾಡಿ, ಇಬ್ಬರು ಸೇರಿ ಗಾಡಿಯನ್ನು ಆರಡಿ ಮುಂದಕ್ಕೆ ತಳ್ಳಿ. ಶೆಡ್ಡಿಗೆ ಶಹಾಬಾದ್ ಪರ್ಸಿ ಹಾಕಿಸಿದ್ದರೆ ನೀವು ಪುಣ್ಯವಂತರು, ಆ ಬೂದು ಕಲ್ಲಿನ ಮೇಲೆ ಗಾಡಿ ಏನು ಕಕ್ಕಿದೆ ಅಂತ ಪುಸ್ತಕದ ಹಾಗೆ ಓದಬಹುದು. ಕರಿ ಜಿಡ್ಡು ಅಂದರೆ ಎಂಜಿನ್ ಆಯಿಲ್. ಹಸಿರು ಅಥವಾ ಗುಲಾಬಿ ಕಲೆ ಇದ್ದರೆ ರೇಡಿಯೇಟರ್ ಕೂಲಂಟ್, ಎಂಜಿನ್ ತಂಪಾಗಿಡುವ ದ್ರವ. ಗಾಲಿಯ ಒಳಬದಿಯಲ್ಲಿ ತಿಳಿ ಹಳದಿ, ಎಣ್ಣೆಯ ಹಾಗೆ ಜಾರುವ ಹನಿ ಕಂಡರೆ ಅದು ಬ್ರೇಕ್ ಆಯಿಲ್; ಅಲ್ಲಿಗೆ ಕೆಲಸ ನಿಲ್ಲಿಸಿ ಮೆಕ್ಯಾನಿಕ್‌ನ ಮನೆಗೇ ಕರೆಸಿ. ಎರೆಮಣ್ಣಿನ ಮೇಲೆ ನಿಲ್ಲಿಸಿದವರಿಗೆ ಈ ಓದು ಸಿಗುವುದಿಲ್ಲ. ಅವರಿಗೆ ಬೇರೆ ಕಷ್ಟ: ಮಳೆಗಾಲವಿಡೀ ಆ ಮಣ್ಣು ನೀರು ಹಿಡಿದುಕೊಂಡು ಕೆಳಗಿನಿಂದ ತೇವ ಬಿಡುತ್ತಿರುತ್ತದೆ, ಸೈಲೆನ್ಸರ್, ಬ್ರೇಕ್ ಡಿಸ್ಕು ಎಲ್ಲ ತುಕ್ಕು.

ಗಾಡಿ ತಳ್ಳಿದರೂ ಅಲುಗದೆ ಕೂತಿದೆಯಾ? ಹ್ಯಾಂಡ್‌ಬ್ರೇಕ್ ಹಾಕಿ ಹೋಗಿದ್ದಿರಿ ಅಂತ ಅರ್ಥ. ಮಳೆಗಾಲದಲ್ಲಿ ಹಿಂದಿನ ಗಾಲಿಯ ಡ್ರಮ್ಮಿಗೆ ಬ್ರೇಕ್ ಶೂ ತುಕ್ಕಿನಿಂದ ಅಂಟಿಕೊಳ್ಳುತ್ತದೆ. ಇದಕ್ಕೆ ಕೆಲವರು ಸಂದಿನಲ್ಲಿ ಎಣ್ಣೆ ಸಿಂಪಡಿಸಿ ಅನ್ನುತ್ತಾರೆ. ದಯವಿಟ್ಟು ಬೇಡ, ಬ್ರೇಕಿಗೆ ಎಣ್ಣೆ ಬಿದ್ದರೆ ಮತ್ತೆ ಹಿಡಿಯುವುದಿಲ್ಲ. ಲಿವರ್ ಹತ್ತು ಸಲ ಎಳೆದು ಬಿಡಿ, ಗಾಲಿ ಹಿಂದಿನಿಂದ ಡ್ರಮ್ಮಿನ ಅಂಚಿಗೆ ಮರದ ತುಂಡು ಇಟ್ಟು ಸುತ್ತಿಗೆಯಿಂದ ಹಗುರಾಗಿ ತಟ್ಟಿ. ನಾಳೆ ಎಂಜಿನ್ ಚಾಲೂ ಆದ ಮೇಲೆ ಒಂದು ಸಲ ಮೊದಲ ಗಿಯರ್, ಒಂದು ಸಲ ರಿವರ್ಸ್, ಅರ್ಧ ಕ್ಲಚ್‌ನಲ್ಲಿ ಹಿಂದೆ ಮುಂದೆ ತೂಗಿ. ಟಪ್ ಅಂತ ಒಂದು ಸದ್ದು ಬರುತ್ತದೆ, ಗುಂಡು ಹೊಡೆದ ಹಾಗೆ. ನಮ್ಮವಳು ಆ ಸದ್ದಿಗೆ ಅಡುಗೆಮನೆಯಿಂದ ಓಡಿ ಬಂದಿದ್ದಳು. ಮೂರು ನಾಲ್ಕು ಸಲಕ್ಕೂ ಬಿಡದಿದ್ದರೆ ಬಲವಂತ ಮಾಡಬೇಡಿ, ಡ್ರಮ್ ಬಿಚ್ಚಿಸಿ.

ಟೈರಿಗೆ ಹವಾ ತಿಂಗಳಿಗೆ ಒಂದೆರಡು ಪಿಎಸ್‌ಐ (ಹವಾದ ಒತ್ತಡದ ಅಳತೆ) ಇಳಿಯುವುದು ಸಹಜ. ಏಳು ತಿಂಗಳಿಗೆ ಹತ್ತು ಹದಿನೈದು ಇಳಿದರೂ ಪಂಚರ್ ಅಂತ ಅಲ್ಲ. ಎಷ್ಟು ತುಂಬಿಸಬೇಕು ಅಂತ ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೆ ಅಂಟಿಸಿದ ಚೀಟಿಯಲ್ಲಿದೆ, ಸಣ್ಣ ಕಾರಿಗೆ ಸಾಮಾನ್ಯವಾಗಿ 30ರಿಂದ 35. ಬೆಳಿಗ್ಗೆ ಗಾಲಿ ತಣ್ಣಗಿದ್ದಾಗ ಅಳೆಯಿರಿ, ಮಧ್ಯಾಹ್ನದ ಬಿಸಿಲಲ್ಲಿ ಅಳೆದರೆ ಜಾಸ್ತಿ ತೋರಿಸಿ ಮೋಸ ಮಾಡುತ್ತದೆ. ಸ್ಟೆಪ್ನಿ ಮರೆಯಬೇಡಿ. ಬಿಸಿಲು ಬಿದ್ದ ಕಡೆಯ ಟೈರಿನ ಪಕ್ಕೆಯನ್ನು ಉಗುರಿನಿಂದ ಅದುಮಿ ನೋಡಿ, ಬೇಸಿಗೆಯ ಎರೆ ಹೊಲದ ಹಾಗೆ ಬಿರುಕು ಬಿಟ್ಟಿದ್ದರೆ ಹೆದ್ದಾರಿಗೆ ಆ ಟೈರು ಬೇಡ. ಪಕ್ಕೆಯಲ್ಲಿ ಡಾಟ್ (DOT) ಅನ್ನುವ ಅಕ್ಷರಗಳ ಗುರುತಿನ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತದೆ. 2319 ಅಂತಿದ್ದರೆ 2019ರ 23ನೇ ವಾರ ತಯಾರಾದದ್ದು. ಟೈರಿನ ಮೈಮೇಲಿನ ಕಚ್ಚು ಎಷ್ಟೇ ಆಳ ಇರಲಿ, ನಮ್ಮ ಬಿಸಿಲಲ್ಲಿ ಆರು ವರ್ಷ ದಾಟಿದ ಟೈರನ್ನು ನಾನು ಇಟ್ಟುಕೊಳ್ಳುವುದಿಲ್ಲ.

ಪೆಟ್ರೋಲ್ ವಿಷಯ. ಈಗ ಬಂಕಿನಲ್ಲಿ ಸಿಗುವುದು ಇ20, ಅಂದರೆ ನೂರಕ್ಕೆ 20 ಎಥನಾಲ್. ಎಥನಾಲ್ ಗಾಳಿಯಲ್ಲಿನ ತೇವ ಹೀರುತ್ತದೆ. ಅರ್ಧ ಖಾಲಿ ಟ್ಯಾಂಕಿನಲ್ಲಿ ಗಾಳಿ ಜಾಸ್ತಿ, ಮಳೆಗಾಲದ ತೇವವೂ ಜಾಸ್ತಿ, ಮಿತಿ ಮೀರಿದರೆ ನೀರು ಮತ್ತು ಎಥನಾಲ್ ಒಟ್ಟಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ, ಪಂಪು ಮೊದಲು ಎಳೆಯುವುದು ಅದನ್ನೇ. ಮೂರು ನಾಲ್ಕು ತಿಂಗಳಾದರೆ ಚಿಂತೆ ಇಲ್ಲ. ಆರೇಳು ತಿಂಗಳಾಗಿದ್ದರೆ ಕ್ಯಾನಿನಲ್ಲಿ ಐದು ಲೀಟರ್ ಹೊಸ ಪೆಟ್ರೋಲ್ ತಂದು ಮೊದಲೇ ಹಾಕಿ, ಆಮೇಲೆ ಚಾಲೂ ಮಾಡಿ ಬಂಕಿಗೆ ಹೋಗಿ ತುಂಬಿಸಿ. ವರ್ಷ ದಾಟಿತ್ತು, ಮುಚ್ಚಳ ತೆಗೆದರೆ ಹಳೇ ವಾರ್ನಿಶ್ ವಾಸನೆ ಹೊಡೆಯುತ್ತಿತ್ತು ಅಂದರೆ ಟ್ಯಾಂಕ್ ಖಾಲಿ ಮಾಡಿಸಿ. ಡೀಸೆಲ್ ಗಾಡಿಯವರು ಫಿಲ್ಟರ್ ಕೆಳಗಿನ ಸ್ಕ್ರೂ ಸಡಿಲಿಸಿ ನೀರು ಇಳಿಸಿ, ತಿಳಿ ಡೀಸೆಲ್ ಬರುವ ತನಕ.

ಎಂಜಿನ್ ಆಯಿಲ್ ಡಿಪ್‌ಸ್ಟಿಕ್ ಎಳೆದು ನೋಡಿ. ಎರಡು ಗುರುತಿನ ನಡುವೆ ಇದ್ದರೆ ಸರಿ. ಬಣ್ಣ ಕಪ್ಪಾಗಿದ್ದರೂ ಪರವಾಗಿಲ್ಲ, ಹಾಲು ಹಾಕಿದ ಚಹಾದ ಹಾಗೆ ಇದ್ದರೆ ಮಾತ್ರ ಒಳಗೆ ನೀರು ಸೇರಿದೆ, ಚಾಲೂ ಮಾಡಬೇಡಿ. ಆಯಿಲ್ ಬದಲಾಯಿಸಿ ವರ್ಷ ಆಗಿದ್ದರೆ ಕಿಲೋಮೀಟರ್ ಎಷ್ಟೇ ಕಡಿಮೆ ಇರಲಿ ಬದಲಾಯಿಸಿ. ಕೂಲಂಟ್ ಡಬ್ಬಿಯಲ್ಲಿ ಮಟ್ಟ ಕಮ್ಮಿ ಇದ್ದರೆ ನಮ್ಮ ಬೋರ್‌ವೆಲ್ ನೀರು ಸುರಿಯಬೇಡಿ. ಚಹಾ ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಸುಣ್ಣ ಕೂಡುವುದು ನೋಡಿದ್ದೀರಲ್ಲ, ರೇಡಿಯೇಟರಿನಲ್ಲೂ ಅದೇ ಕೂಡುವುದು. ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಹೊಸದು ಹಾಕಿಸಬೇಕು, ಅದೂ ತೇವ ಹೀರುವ ಜಾತಿ.

ಈಗ ಗಾಡಿ ತೊಳೆಯಿರಿ. ವೈಪರ್ ಹಾಕುವ ಮುಂಚೆ ಗಾಜಿನ ದೂಳು ನೀರಲ್ಲೇ ಹೋಗಲಿ. ಬಿಸಿಲಿಗೆ ಹಪ್ಪಳವಾದ ವೈಪರ್ ರಬ್ಬರು ಒಣ ದೂಳಿನ ಮೇಲೆ ಆಡಿದರೆ ಗಾಜಿಗೆ ಗೀರು ಖಾಯಂ.

ಎರಡನೇ ದಿನ, ಬೆಳಿಗ್ಗೆ ತಂಪಿನಲ್ಲಿ. ಶೆಡ್ಡಿಗೆ ಬಾಗಿಲಿದ್ದರೆ ಪೂರ್ತಿ ತೆರೆಯಿರಿ, ಇಲ್ಲವೇ ಗಾಡಿ ಹೊರಗೆ ತಳ್ಳಿ. ಮುಚ್ಚಿದ ಜಾಗದಲ್ಲಿ ಹೊಗೆ ತುಂಬಿದರೆ ಅದರಲ್ಲಿನ ಕಾರ್ಬನ್ ಮೊನಾಕ್ಸೈಡ್ ಪ್ರಾಣ ತೆಗೆಯುತ್ತದೆ, ಅದಕ್ಕೆ ವಾಸನೆಯೇ ಇಲ್ಲ. ಬ್ಯಾಟರಿ ಕೂಡಿಸಿ. ಎಸಿ, ಲೈಟು, ರೇಡಿಯೋ ಎಲ್ಲ ಆಫ್. ಮೊದಲು ಬ್ರೇಕ್ ಪೆಡಲ್ ನಾಲ್ಕೈದು ಸಲ ತುಳಿಯಿರಿ, ಕಲ್ಲಿನ ಹಾಗೆ ಗಟ್ಟಿ ಆಗಬೇಕು. ನಿಧಾನ ಕೆಳಗೆ ಇಳಿಯುತ್ತಾ ಹೋದರೆ ಇವತ್ತು ಗಾಡಿ ಹೊರಡುವುದಿಲ್ಲ.

ಏಳು ತಿಂಗಳಲ್ಲಿ ಎಂಜಿನ್ ಮೇಲ್ಭಾಗದ ಆಯಿಲ್ ಎಲ್ಲ ಕೆಳಗಿನ ತೊಟ್ಟಿಗೆ ಇಳಿದಿರುತ್ತದೆ. ಮೊದಲ ಕ್ಷಣ ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತದೆ. ಇದಕ್ಕೆ ಒಂದು ಉಪಾಯ. ಹೆಚ್ಚಿನ ಇಂಜೆಕ್ಷನ್ ಪೆಟ್ರೋಲ್ ಕಾರುಗಳಲ್ಲಿ ಆಕ್ಸಿಲರೇಟರ್ ಪೂರ್ತಿ ತಳಕ್ಕೆ ಒತ್ತಿ ಹಿಡಿದು ಸೆಲ್ಫ್ ಹೊಡೆದರೆ ಕಂಪ್ಯೂಟರ್ ಪೆಟ್ರೋಲ್ ಬಿಡುವುದಿಲ್ಲ, ಎಂಜಿನ್ ಸುಮ್ನೆ ತಿರುಗುತ್ತದೆ, ಆಯಿಲ್ ಮೇಲೇರುತ್ತದೆ. ನಿಮ್ಮ ಗಾಡಿಯ ಪುಸ್ತಕದಲ್ಲಿ ಇದು ಇದೆಯಾ ನೋಡಿಕೊಳ್ಳಿ. ಐದಾರು ಸೆಕೆಂಡ್ ಹೊಡೆಯಿರಿ, ಅರ್ಧ ನಿಮಿಷ ಬಿಡಿ, ಇನ್ನೊಂದು ಸಲ. ಆಮೇಲೆ ಕಾಲು ತೆಗೆದು, ಚಾವಿ ಆನ್ ಮಾಡಿ ಮೂರು ಸೆಕೆಂಡ್ ಕಾಯಿರಿ. ಹಿಂದಿನ ಸೀಟಿನ ಕೆಳಗೆ ಪಂಪು ಗುಂಯ್ ಅನ್ನುವುದು ಕೇಳಿಸುತ್ತದೆ. ಡೀಸೆಲ್ ಆದರೆ ಸುರುಳಿ ಗುರುತಿನ ದೀಪ ಆರುವ ತನಕ. ಈಗ ಕ್ಲಚ್ ತುಳಿದು ಚಾಲೂ ಮಾಡಿ. ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಜಾಸ್ತಿ ಬೇಡ, ನಾಲ್ಕು ಸಲಕ್ಕೂ ಹತ್ತದಿದ್ದರೆ ಸೆಲ್ಫ್ ಮೋಟರ್ ಸುಡುವ ಮುಂಚೆ ಬಿಟ್ಟುಬಿಡಿ.

ಹತ್ತಿತಾ? ರೇಸ್ ಕೊಡಬೇಡಿ! ಕಣ್ಣು ಕೆಂಪು ಎಣ್ಣೆಡಬ್ಬಿ ದೀಪದ ಮೇಲಿರಲಿ, ಮೂರು ನಾಲ್ಕು ಸೆಕೆಂಡಿಗೆ ಆರದಿದ್ದರೆ ತಕ್ಷಣ ಆಫ್. ಮೊದಲು ಸ್ವಲ್ಪ ಟಕಟಕ ಸದ್ದು, ಬೆಲ್ಟಿನ ಕಿರಿಚಾಟ, ಸೈಲೆನ್ಸರಿನಿಂದ ಬಿಳಿ ಆವಿ, ತೊಟ್ಟಿಕ್ಕುವ ನೀರು ಎಲ್ಲ ಸರಿ, ನಿಂತು ಹೋಗುತ್ತವೆ. ಬಿಳಿ ಹೊಗೆ ಹತ್ತು ನಿಮಿಷವಾದರೂ ಬಿಡದೆ ಸಿಹಿ ವಾಸನೆ ಬಂದರೆ ಕೂಲಂಟ್ ಸುಡುತ್ತಿದೆ, ನೀಲಿ ಹೊಗೆ ಆದರೆ ಆಯಿಲ್. ಮೀಟರ್ ಬ್ಯಾಟರಿಗೆ ಹಚ್ಚಿ ನೋಡಿ, 13.8ರಿಂದ 14.5 ನಡುವೆ ಇದ್ದರೆ ಆಲ್ಟರ್ನೇಟರ್ ಚಾರ್ಜ್ ಕೊಡುತ್ತಿದೆ. ಟೆಂಪರೇಚರ್ ಮುಳ್ಳು ನಡುವಿಗೆ ಬಂದು ರೇಡಿಯೇಟರ್ ಫ್ಯಾನು ಒಂದು ಸಲ ತಿರುಗುವ ತನಕ ಅಲ್ಲೇ ನಿಂತಿರಿ. ನಮ್ಮ ಊರಲ್ಲಿ ಫ್ಯಾನ್ ಕೆಟ್ಟ ಗಾಡಿ ಜಗತ್ ಸರ್ಕಲ್ ಸಿಗ್ನಲ್ಲಿನಲ್ಲೇ ಕುದಿಯುತ್ತದೆ. ಎಸಿ ಆಮೇಲೆ, ನಾಲ್ಕೂ ಕಿಟಕಿ ಇಳಿಸಿ.

ಹೊರಡುವ ಮುಂಚೆ ಕಾಗದ. ಇದು ಬೇಸರದ ಕೆಲಸ, ಬೇಗ ಹೇಳಿಬಿಡುತ್ತೇನೆ. ಇನ್ಶೂರೆನ್ಸ್ ಮುಗಿದಿದ್ದರೆ ಗೇಟಿನಿಂದ ಆಚೆ ಗಾಲಿ ಇಡಬೇಡಿ. ಮೊದಲ ಸಲ ಸಿಕ್ಕರೆ 2000 ರೂಪಾಯಿ ದಂಡ, ಅಪಘಾತ ಆದರೆ ಆ ದಂಡ ಲೆಕ್ಕಕ್ಕೇ ಇಲ್ಲ. ಮುಗಿದು 90 ದಿನ ದಾಟಿದರೆ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿ) ಕೂಡ ಹೋಗುತ್ತದೆ. ಹೊಗೆ ಪ್ರಮಾಣಪತ್ರ ಬಿಎಸ್4, ಬಿಎಸ್6 ಗಾಡಿಗಳಿಗೆ ಒಂದು ವರ್ಷ. ನಮ್ಮ ಕಲಬುರಗಿಯ ಕೆಎ 32 ಪ್ಲೇಟಿನ ಗಾಡಿಗೆ 15 ವರ್ಷ ತುಂಬುತ್ತಾ ಬಂದಿದ್ದರೆ ಆರ್‌ಸಿ ಅವಧಿ ಒಮ್ಮೆ ನೋಡಿಕೊಳ್ಳಿ. ಫಾಸ್ಟ್ಯಾಗಿನಲ್ಲಿ ದುಡ್ಡು ಇದೆಯಾ?

ಮೊದಲ ಓಟ ಊರೊಳಗೇ ಇರಲಿ. ಗೇಟ್ ದಾಟಿದ ಕೂಡಲೇ ಹತ್ತು ಕಿಲೋಮೀಟರ್ ವೇಗದಲ್ಲಿ ಒಂದು ಸಲ ಬ್ರೇಕ್ ಒತ್ತಿ ನೋಡಿ. ಡಿಸ್ಕಿನ ಮೇಲಿನ ತುಕ್ಕು ಕರ್‌ರ್ ಅಂತ ಕೆರೆಯುತ್ತದೆ, ಐದಾರು ಸಲಕ್ಕೆ ಹೊಳಪು ಬಂದು ಸದ್ದು ನಿಲ್ಲುತ್ತದೆ. ಗಾಡಿ ಒಂದು ಕಡೆಗೆ ಎಳೆದರೆ ಆ ಕಡೆಯೋ ಈ ಕಡೆಯೋ ಒಂದು ಬ್ರೇಕ್ ಜಾಮ್. ಸ್ಟೇರಿಂಗ್‌ನಲ್ಲಿ ದಡ್ ದಡ್ ಅನ್ನುವುದು ಟೈರು ನಿಂತಲ್ಲೇ ಚಪ್ಪಟೆ ಆದದ್ದು, ಹತ್ತಿಪ್ಪತ್ತು ಕಿಲೋಮೀಟರಿಗೆ ಗುಂಡಗಾಗುತ್ತದೆ, ಆಗದಿದ್ದರೆ ಟೈರ್ ಬದಲಿಸಬೇಕು. ನಾನು ರಿಂಗ್ ರೋಡಿನಲ್ಲಿ ಒಂದು ಸುತ್ತು ಹೊಡೆಯುತ್ತೇನೆ, ಮುಕ್ಕಾಲು ಗಂಟೆ. ಮನೆ ಮುಂದೆ ನಿಲ್ಲಿಸಿ ಹತ್ತು ನಿಮಿಷ ಎಂಜಿನ್ ಆನ್ ಇಟ್ಟರೆ ಬ್ಯಾಟರಿ ತುಂಬುವುದಿಲ್ಲ, ಪೆಟ್ರೋಲ್ ಸುಡುತ್ತದೆ ಅಷ್ಟೇ. ವಾಪಸ್ ಬಂದು ಇಳಿದ ಮೇಲೆ ಪ್ರತಿ ಗಾಲಿಯ ಹತ್ತಿರ ಕೈ ಹಿಡಿಯಿರಿ, ಮುಟ್ಟಬೇಡಿ. ಮೂರು ಬೆಚ್ಚಗಿದ್ದು ಒಂದರಿಂದ ಒಲೆಯ ಹಾಗೆ ಕಾವು ಬಂದರೆ ಆ ಬ್ರೇಕ್ ಬಿಟ್ಟಿಲ್ಲ.

ಈ ಸಲ ಹೋಗುವಾಗ ಟ್ಯಾಂಕ್ ತುಂಬಿಸಿದ್ದೆ, ಬ್ಯಾಟರಿ ಮೈನಸ್ ಕಳಚಿದ್ದೆ, ಹ್ಯಾಂಡ್‌ಬ್ರೇಕ್ ಬಿಟ್ಟು ಮೊದಲ ಗಿಯರಿಗೆ ಹಾಕಿ ಗಾಲಿಗೆ ಕಲ್ಲು ಕೊಟ್ಟಿದ್ದೆ, ಹೊಟ್ಟಿನ ಚೀಲಗಳನ್ನು ಶೆಡ್ಡಿನಿಂದ ಹೊರಗೆ ಹಾಕಿಸಿದ್ದೆ. ಬಾನೆಟ್ ಒಳಗೆ ತಂಬಾಕಿನ ಎಲೆ ಕಟ್ಟಿ ಅಂದರು, ಕಟ್ಟಿದೆ. ಇಲಿ ಅದನ್ನು ಪಕ್ಕಕ್ಕೆ ಸರಿಸಿ ಕೂತಿತ್ತು. ಗೂಡು ಮಾತ್ರ ಚಿಕ್ಕದು, ವೈರು ಎಲ್ಲ ನೆಟ್ಟಗಿದ್ದವು.

ಮರುದಿನ ಬೆಳಿಗ್ಗೆ ಮತ್ತೊಂದು ಸಲ ಪರ್ಸಿ ಮೇಲೆ ಹೊಸ ಕಲೆ ಇದೆಯಾ ನೋಡಿ, ಹವಾ ಅಳೆಯಿರಿ, ಮೀಟರ್ ಹಚ್ಚಿ. ರಾತ್ರಿ ಕಳೆದರೂ ಬ್ಯಾಟರಿ 12.4 ಹಿಡಿದುಕೊಂಡಿದ್ದರೆ ಸದ್ಯಕ್ಕೆ ಎಳೆಯಬಹುದು, 12ಕ್ಕೆ ಇಳಿದಿದ್ದರೆ ಹೊಸದಕ್ಕೆ ದುಡ್ಡು ತೆಗೆದಿಡಿ. ಎಲ್ಲ ಸರಿ ಇದ್ದರೆ ನಿಂಬೆಹಣ್ಣು ತನ್ನಿ, ಪೂಜೆ ಮಾಡಿ, ಆಮೇಲೆ ಗಾಣಗಾಪುರಕ್ಕೆ ಬೇಕಾದರೂ ಹೋಗಿ ಬನ್ನಿ.